ನಿಪ್ಪಾಣಿಯ ತಂಬಾಕು, ಸೆಗೆಡ್ಡಿನ ಮಾಸು

ಕುಡಚಿ ಸ್ಟೇಶನ್

ಪರದೇಶಕ್ಕೆ ಹೊರಟವರು ಉಪ್ಪಿನಕಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಾರೆ. ನಾನು ಅವುಗಳ ಜೊತೆಗೆ ಒಂದು ಡಬ್ಬಿ ತಂಬಾಕಿನ ಧೂಳನ್ನೂ ಕಟ್ಟಿಕೊಂಡೆ. ಎಂಬತ್ತರ ದಶಕದ ಕೊನೆಯ ಮಾತು ಇದು. ಚಿಕ್ಕೋಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಜೈನರ ಮನೆಯ ಹೆಣ್ಣುಮಗಳು, ಬಸ್ಸಿನಲ್ಲಿ ಬೀಡಿ ಸೇದುವವರ ಪಕ್ಕ ಕೂಡಲಾರದವಳು, ಹಂಗೇರಿಗೆ ತಂಬಾಕು ಹೊತ್ತು ಹೊರಟಿದ್ದಾಳೆಂದು ನನ್ನ ತಮ್ಮ ಕುಡಚಿ ಸ್ಟೇಶನ್ನಿನಲ್ಲಿ ಕಂಡಕಂಡವರಿಗೆಲ್ಲ ಹೇಳಿ ನಗಿಸುತ್ತಿದ್ದ. ರೈಲು ಎಂದಿನಂತೆ ತಡವಾಗಿದ್ದರಿಂದ ಅವನಿಗೆ ಬೇಕಾದಷ್ಟು ಪುರುಸೊತ್ತಿತ್ತು.

ತಂಬಾಕು ನಿಪ್ಪಾಣಿಯದು. ಅಲ್ಲಿಯ ವಖಾರಿಗಳಲ್ಲಿ, ಅಂದರೆ ತಂಬಾಕಿನ ಗೋದಾಮುಗಳಲ್ಲಿ, ಹೆಂಗಸರು ದಿನವಿಡೀ ಒಣ ಎಲೆ ಬಡಿಯುತ್ತಾರೆ, ಜರಡಿ ಹಿಡಿಯುತ್ತಾರೆ. ಮೂಗಿಗೆ ಸೆರಗು ಕಟ್ಟಿಕೊಂಡರೂ ಧೂಳು ಒಳಗೆ ಹೋಗಿಯೇ ಹೋಗುತ್ತದೆ. ಬಸುರಿಯರೂ ಹೆರುವ ತಿಂಗಳತನಕ ಅಲ್ಲೇ ಇರುತ್ತಾರೆ. ಕಾಲೇಜಿನ ಹುಡುಗಿಯರನ್ನು ಕರೆದುಕೊಂಡು ಒಮ್ಮೆ ಆರೋಗ್ಯ ಶಿಬಿರಕ್ಕೆ ಹೋಗಿದ್ದಾಗ ಕಾಶವ್ವ ಎಂಬಾಕೆ ನನ್ನನ್ನು ಪಕ್ಕಕ್ಕೆ ಕರೆದಳು. ಹಿಂದೆ ಎರಡು ಕೂಸು ಕಳೆದುಕೊಂಡಿದ್ದಳಂತೆ. ಮೂರನೆಯದು ಬಗಲಲ್ಲಿತ್ತು, ಬೆಕ್ಕಿನ ಮರಿಯಷ್ಟು.

"ಬಾಯಾರ, ನೀವು ಕಲ್ತ ಮಂದಿ ಅದೀರಿ. ನಮ್ಮ ಕೂಸುಗೋಳು ಹಿಂಗ್ಯಾಕ ಸಣ್ಣ ಹುಟ್ಟತಾವ್ರಿ? ತಂಬಾಕಿಗೆ ಹಿಂಗ ಆಗತೈತೋ, ನಮ್ಮ ನಸೀಬಾನ ಹಿಂಗೈತೋ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಿ ಬಂದೆ, ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ. ಧಾರವಾಡದಲ್ಲಿ ನನ್ನ ಸಂಶೋಧನೆಗೆ ಅದನ್ನೇ ವಿಷಯ ಮಾಡಿಕೊಂಡೆ: ತಂಬಾಕಿನ ಧೂಳು ಜೀವಕೋಶಕ್ಕೆ ಏನು ಮಾಡುತ್ತದೆ? ಅದನ್ನು ನೋಡಬೇಕಾದರೆ ಮೊದಲು ಅಂಗಾಂಶವನ್ನು ಒಂದೊಂದೇ ಜೀವಕೋಶವಾಗಿ, ಜೀವ ಹೋಗದಂತೆ ಬಿಡಿಸಬೇಕು. ಕಿಣ್ವ ಹಾಕಿ ಬಿಡಿಸುವ ಆ ವಿದ್ಯೆಯನ್ನು ಕಲಿಸುವ ಪ್ರಯೋಗಾಲಯವೊಂದು ಹಂಗೇರಿಯ ಸೆಗೆಡ್ ಎಂಬ ಊರಿನಲ್ಲಿತ್ತು. ಎರಡೂ ಸರಕಾರಗಳ ಒಪ್ಪಂದದಲ್ಲಿ ಕೆಲವು ತಿಂಗಳು ಹೋಗಿಬರುವ ಅವಕಾಶ ಸಿಕ್ಕಿತು. ಕಲಿತು ಬಂದರೆ ಕಾಶವ್ವನಿಗೆ ಉತ್ತರ ಹುಡುಕಬಹುದು, ಬರಿಗೈಯಲ್ಲಿ ಬಂದರೆ ಅಲ್ಲಿಗೆ ಮುಗಿಯಿತು.

ಅವ್ವ ನಮ್ಮೂರು ಅಂಕಲಿಯಿಂದ ಸ್ಟೇಶನ್ನಿಗೆ ಬಂದಿದ್ದಳು. ನೀರು ಸೋಸಲು ದಪ್ಪ ಅರಿವೆಯ ತುಂಡೊಂದನ್ನು ನನ್ನ ಚೀಲಕ್ಕೆ ತುರುಕಿದಳು. ರೈಲು ಕಾಣಿಸಿದಾಗ ಕೈ ಹಿಡಿದು, "ಓದಾಕ ಹೊಂಟೀದಿ, ಓದಿ ಬಾ. ನಿನ್ನ ಕೈಲೆ ಒಂದು ಜೀವಾನೂ ಹೋಗಬಾರದು, ಅಷ್ಟ ನೋಡಕೋ" ಎಂದಳು. ಆಗಲಿ ಎಂದೆ. ಕಷ್ಟವೇನೂ ಅನ್ನಿಸಲಿಲ್ಲ. ನಮ್ಮ ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ದಿನ ಅವುಗಳ ಜೀವ ತೆಗೆಯುತ್ತಿದ್ದವನು ಜವಾನ ಭೀಮಪ್ಪ. ಅವನ ಕೆಲಸ ಮುಗಿಯುವತನಕ ನಾನು ಹೊರಗೆ ಪಡಸಾಲೆಯಲ್ಲಿ ನಿಂತಿರುತ್ತಿದ್ದೆ.

ಬುಡಾಪೆಸ್ಟ್

ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ನನ್ನ ಚಟ್ನಿಪುಡಿಯನ್ನು ನೋಡಿಯೂ ನೋಡದಂತೆ ಬಿಟ್ಟ. ತಂಬಾಕಿನ ಡಬ್ಬಿಯನ್ನು ಮಾತ್ರ ತೆರೆದು ಮೂಗಿನ ಹತ್ತಿರ ಹಿಡಿದ. ಬೇಡವೆಂದು ಕೈ ಮಾಡುವಷ್ಟರಲ್ಲಿ ಒಳಕ್ಕೆಳೆದುಕೊಂಡಿದ್ದ. ಅವನು ಸೀನಿದ ರಭಸಕ್ಕೆ ಧೂಳು ಹಾರಿ ಪಕ್ಕದವನೂ ಸೀನಿದ, ಹಿಂದೆ ನಿಂತಿದ್ದ ದಪ್ಪ ಹೆಂಗಸೂ ಸೀನಿದಳು. ಹಿರಿಯ ಅಧಿಕಾರಿಯೊಬ್ಬ ಬಂದು ನನ್ನ ಆಹ್ವಾನ ಪತ್ರ ಓದಿ, ಡಬ್ಬಿಯ ಮುಚ್ಚಳವನ್ನು ತಾನೇ ಬಿಗಿಯಾಗಿ ಮುಚ್ಚಿ, ಬೇಗ ಹೋಗಿರೆಂದು ಬಾಗಿಲು ತೋರಿಸಿದ.

ಸೆಗೆಡ್ಡಿಗೆ ಹೋಗುವ ರೈಲಿನ ಎರಡೂ ಬದಿಗೆ ಸೂರ್ಯಕಾಂತಿ ಹೊಲಗಳು. ದಿಬ್ಬವಿಲ್ಲ, ಗುಡ್ಡವಿಲ್ಲ, ಕಾಗವಾಡದ ಕಡೆಯ ಬಯಲಿನಂಥದೇ ಬಯಲು. ಎದುರಿಗೆ ಕುಳಿತ ಮುದುಕಿಗೆ ಹೇಳಬೇಕೆನ್ನಿಸಿತು, ಆದರೆ ನಮ್ಮಿಬ್ಬರ ನಡುವೆ ಒಂದು ಭಾಷೆಯೂ ಇರಲಿಲ್ಲ. ಅವಳು ಬುಟ್ಟಿಯಿಂದ ಹುಳಿ ಚೆರ್ರಿ ತೆಗೆದು ಕೊಟ್ಟಳು, ನಾನು ಶೇಂಗಾ ಉಂಡೆ ಕೊಟ್ಟೆ. ಊರು ಬರುವತನಕ ಇಬ್ಬರೂ ತಲೆಯಾಡಿಸುತ್ತ ಕುಳಿತಿದ್ದೆವು.

ಸೆಗೆಡ್, ಮೊದಲ ವಾರ

ಸೆಗೆಡ್ಡಿನ ಮನೆಗಳ ಗೋಡೆಯ ಮೇಲೆ ಕೆಂಪು ಮೆಣಸಿನಕಾಯಿಯ ಮಾಲೆಗಳು ಜೋತಾಡುವುದನ್ನು ಕಂಡು ಸಂಕೇಶ್ವರಕ್ಕೆ ಬಂದಷ್ಟೇ ಖುಷಿಯಾಯಿತು. ತಿಂದು ನೋಡಿದರೆ ಬಣ್ಣವೇ ಬಣ್ಣ, ಖಾರ ಇಲ್ಲ. ಮಾಂಸವಿಲ್ಲದ ಸಾರು ಕೊಡಿ ಎಂದರೆ ಸಾರಿನಿಂದ ತುಂಡುಗಳನ್ನು ಆರಿಸಿ ತೆಗೆದು ನನ್ನ ಮುಂದಿಡುತ್ತಿದ್ದರು. ಇಷ್ಟು ಪ್ರೀತಿಯಿಂದ ಇಷ್ಟು ತಪ್ಪು ಊಟ ಬಡಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ಅನುಕೂಲ ಮಾತ್ರ ಇತ್ತು. ಹೊತ್ತು ಮುಳುಗಿದ ಮೇಲೆ ಉಣ್ಣುವುದು ನಮ್ಮಲ್ಲಿ ನಿಷಿದ್ಧ, ಆದರೆ ಅಲ್ಲಿಯ ಬೇಸಿಗೆಯ ಸೂರ್ಯ ಮುಳುಗುವ ಅವಸರವನ್ನೇ ತೋರಿಸುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಅಷ್ಟು ತಡವಾಗಿ ಧರ್ಮಬದ್ಧವಾಗಿ ಉಂಡೆ.

ಪ್ರಯೋಗಾಲಯದ ಮುಖ್ಯಸ್ಥೆ ಇಲೋನಾ. ಎತ್ತರದ ಹೆಂಗಸು, ಚಲೋ ಇಂಗ್ಲಿಷ್ ಮಾತಾಡುತ್ತಿದ್ದಳು, ಕೈಯಲ್ಲಿ ಸದಾ ಸಿಗರೇಟು. ಅವಳ ಸಹಾಯಕಿ ಮಾರ್ಗಿತ್‌ಗೆ ನಿವೃತ್ತಿಯ ವಯಸ್ಸು. ಅವಳನ್ನು ಎಲ್ಲರೂ 'ಮಾರ್ಗಿತ್ ನೇನಿ' ಎನ್ನುತ್ತಿದ್ದರು, ನಾವು ಹಿರಿಯಳನ್ನು ಕಾಕು ಎನ್ನುವ ಹಾಗೆ.

ಮೊದಲ ದಿನ ಇಲೋನಾ ಕೆಲಸವನ್ನು ವಿವರಿಸಿದಳು. ನಮ್ಮೂರ ಮಾತಿನಲ್ಲಿ ಹೇಳುವುದಾದರೆ, ಅಂಗಾಂಶವೆಂದರೆ ನಮ್ಮ ಅಥಣಿಯ ದ್ರಾಕ್ಷಿ ಗೊಂಚಲು ಎಂದುಕೊಳ್ಳಿ. ಕೈಯಿಂದ ಕಿತ್ತರೆ ಹಣ್ಣು ಒಡೆಯುತ್ತದೆ. ಕಿಣ್ವ ಎಂಬ ರಸವನ್ನು ಹಾಕಿ ಮೈಯ ಬಿಸಿಯಷ್ಟೇ ಬಿಸಿಯಲ್ಲಿಟ್ಟರೆ ಅದು ತೊಟ್ಟನ್ನಷ್ಟೇ ತಿಂದು ಹಣ್ಣನ್ನು ಇಡಿಯಾಗಿ ಉದುರಿಸುತ್ತದೆ. ಹೊತ್ತು ಮೀರಿದರೆ ಹಣ್ಣಿಗೂ ಬಾಯಿ ಹಾಕುತ್ತದೆ. ಅದಕ್ಕೇ ಸರಿಯಾದ ಗಳಿಗೆಗೆ ತಣ್ಣನೆಯ ಸೀರಂ, ಅಂದರೆ ನೆತ್ತರು ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಸುರಿದು ಅದನ್ನು ನಿಲ್ಲಿಸಬೇಕು. ಬಿಡಿಯಾದ ಜೀವಕೋಶಗಳಿಗೆ ಮುಂದೆ ಅದೇ ಆಹಾರ ಕೂಡ.

ಇಷ್ಟೂ ಚೆನ್ನಾಗಿಯೇ ಇತ್ತು. ಆಮೇಲೆ ಅವಳು ಒಂದು ಪಂಜರ ತಂದಿಟ್ಟಳು. ಒಳಗೆ ಬಿಳಿ ಇಲಿ. ಅದಕ್ಕೆ ಮಂಪರು ಕೊಟ್ಟು, ಹೊಟ್ಟೆ ಬಿಚ್ಚಿ, ಬಡಿಯುವ ಗುಂಡಿಗೆ ನಿಲ್ಲುವ ಮೊದಲೇ ಯಕೃತ್ತಿಗೆ ಕಿಣ್ವ ಹರಿಸಬೇಕು, ದಿನಕ್ಕೊಂದು ಇಲಿ. ಇಲ್ಲಿ ಭೀಮಪ್ಪನಿಲ್ಲ, ಪಡಸಾಲೆಯೂ ಇಲ್ಲ. ನನ್ನಿಂದಾಗದು ಎಂದೆ. ಇಲೋನಾಗೆ ಸಿಟ್ಟು ಬಂತು. ಹಾಗಾದರೆ ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಅವ್ವನ ಮಾತು ಹೇಳಿದೆ, ಆಮೇಲೆ ಕಾಶವ್ವನ ಮಾತೂ ಹೇಳಿದೆ. ಕೂಸಿನ ಸುದ್ದಿ ಬಂದಾಗ ಅವಳು ಸಿಗರೇಟನ್ನು ಆರಿಸಿದಳು.

"ಇದು ಇಲಿಯ ಯಕೃತ್ತಿಗೆ ಕೇಳುವ ಪ್ರಶ್ನೆಯೇ ಅಲ್ಲ, ಮಾಸಿಗೆ ಕೇಳಬೇಕಾದ್ದು," ಎಂದಳು. "ಹೆರಿಗೆ ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಇದೆ. ಅಲ್ಲಿ ಮಾಸನ್ನು ಸುಟ್ಟುಬಿಡುತ್ತಾರೆ."

ಬಸುರಿಯ ನೆತ್ತರಿನಿಂದ ಕೂಸಿಗೆ ಅನ್ನ ದಾಟಿಸುವ ಅಂಗ ಮಾಸು. ಕೂಸು ಹುಟ್ಟಿದ ಮೇಲೆ ಯಾರಿಗೂ ಬೇಡ. ಯಾವ ಜೀವವನ್ನೂ ಕಳೆಯದೆ ಸಿಗುವ ಅಂಗಾಂಶ. ನನಗೆ ಹೋದ ಜೀವ ಬಂದ ಹಾಗಾಯಿತು.

ತಿಸಾ ನದಿಯ ದಂಡೆ

ದಿನಾ ಮುಂಜಾನೆ ಮಾರ್ಗಿತ್ ನೇನಿ ಆಸ್ಪತ್ರೆಯಿಂದ ಮುಚ್ಚಳದ ಪಾತ್ರೆಯಲ್ಲಿ ಇನ್ನೂ ಬೆಚ್ಚಗಿರುವ ಮಾಸು ತರುತ್ತಿದ್ದಳು. ನಮ್ಮಲ್ಲಿ ಸೂಲಗಿತ್ತಿ ಅದನ್ನು ಹಿತ್ತಲಲ್ಲಿ ಹುಗಿಯುತ್ತಾಳೆ, ಮುಟ್ಟಿದವರಿಗೆ ಮೈಲಿಗೆ. ನಾನು ಅದನ್ನು ತೊಳೆದು, ಕತ್ತರಿಯಿಂದ ಸಣ್ಣಗೆ ಕೊಚ್ಚಿ ಕಿಣ್ವದಲ್ಲಿ ಹಾಕುತ್ತಿದ್ದೆ. ಹಸುವಿನ, ಹಂದಿಯ ಮೇದೋಜೀರಕದಿಂದ ತೆಗೆದ ಕಿಣ್ವ ಬೇಡವೆಂದು ಬ್ಯಾಕ್ಟೀರಿಯಾದಿಂದ ತೆಗೆದದ್ದನ್ನು ಆರಿಸಿಕೊಂಡಿದ್ದೆ. ಬ್ಯಾಕ್ಟೀರಿಯಾವೂ ಜೀವವೇ, ಆದರೆ ನಮ್ಮ ಜೈನರ ಲೆಕ್ಕದಲ್ಲಿ ಸ್ಪರ್ಶ ಎಂಬ ಒಂದೇ ಇಂದ್ರಿಯದ ಜೀವ. ಸಂಸಾರಸ್ಥರಿಗೆ ಅಷ್ಟು ರಿಯಾಯಿತಿ ಉಂಟು. ಸೀರಮ್ಮಿನ ಬಾಟಲಿಯ ಮೇಲೆ ಕರುವಿನದು ಎಂದಿತ್ತು. ಧನುರ್ವಾತದ ಮದ್ದಿಗೆ ಕುದುರೆಯಿಂದ ಒಂದಿಷ್ಟು ನೆತ್ತರು ತೆಗೆದು ಅದನ್ನು ಮೇಯಲು ಬಿಡುತ್ತಾರಲ್ಲ, ಇದೂ ಹಾಗೆಯೇ ಇರಬೇಕೆಂದು ತಿಳಿದಿದ್ದೆ.

ಕಿಣ್ವದ ಕೆಲಸ ಮುಗಿದ ಮೇಲೆ ಎಲ್ಲವನ್ನೂ ನೈಲಾನ್ ಜಾಳಿಗೆಯಲ್ಲಿ ಸೋಸಬೇಕು. ಬಿಡಿ ಜೀವಕೋಶಗಳು ಕೆಳಗಿಳಿಯುತ್ತವೆ, ಕರಗದ ಗಂಟುಗಳು ಮೇಲೆ ಉಳಿಯುತ್ತವೆ. ಮೊದಲ ಸಲ ನನಗೊಬ್ಬಳಿಗೇ ಸೋಸಲು ಬಿಟ್ಟಾಗ ನಾನು ಚೆಂದಾಗಿ ಸೋಸಿದೆ. ಆಮೇಲೆ ಜಾಳಿಗೆಯನ್ನು ತಿರುವಿ ಹಿಡಿದು, ಮೇಲೆ ಉಳಿದದ್ದನ್ನೆಲ್ಲ ಮೆಲ್ಲಗೆ ತೊಳೆದು, ಕೆಳಗಿನ ಅದೇ ಪಾತ್ರೆಗೆ ವಾಪಸು ಬಿಟ್ಟೆ. ಮಾರ್ಗಿತ್ ನೇನಿ ನನ್ನ ಕೈ ಹಿಡಿಯುವಷ್ಟರಲ್ಲಿ ಮುಂಜಾನೆಯಿಂದ ಮಾಡಿದ್ದೆಲ್ಲ ಗಂಟುಗಂಟು ಗಂಜಿಯಾಗಿತ್ತು.

ಇಲೋನಾ ಕಾರಣ ಕೇಳಿದಳು. ಕಾರಣ ನನಗೂ ಆಗಲೇ ಹೊಳೆದದ್ದು. ನಮ್ಮ ಮನೆಯಲ್ಲಿ ಬಾವಿಯ ನೀರು ಸೋಸಿದರೆ ಅರಿವೆಯ ಮೇಲೆ ಸೂಕ್ಷ್ಮ ಜೀವಿಗಳು ಉಳಿದಿರುತ್ತವೆ. ಅವು ಒಣಗಿ ಸಾಯಬಾರದೆಂದು ಅರಿವೆಯನ್ನು ತಿರುವಿ, ನೀರು ಹಾಕಿ, ಅವುಗಳನ್ನು ಬಂದ ನೀರಿಗೇ ಮುಟ್ಟಿಸಬೇಕು. ನಡೆಯಲು ಕಲಿತಂದಿನಿಂದ ಮಾಡಿದ ಕೆಲಸ. ಜಾಳಿಗೆ ಕೈಗೆ ಬಂದೊಡನೆ ಕೈ ತಾನಾಗಿ ತಿರುಗಿತ್ತು, ತಲೆಯನ್ನು ಕೇಳಿರಲಿಲ್ಲ. ಇಲೋನಾ, "ನಿಮ್ಮ ಮನೆಯಲ್ಲಿ ಉಳಿಸಿಕೊಳ್ಳುವುದನ್ನು ನಾವು ಇಲ್ಲಿ ಚೆಲ್ಲುತ್ತೇವೆ" ಎಂದಳು. ಮಾರ್ಗಿತ್ ನೇನಿಗಂತೂ ಇದು ಬಹಳ ಹಿಡಿಸಿತು. ಅಂದಿನಿಂದ ಜಾಳಿಗೆ ಚೆಲ್ಲುವ ಮುಂಚೆ ನನ್ನ ಕಡೆ ತಿರುಗಿ, ಇದನ್ನು ತಿಸಾ ನದಿಗೆ ಬಿಟ್ಟು ಬರಲೇ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು.

ಸಂಜೆ ಆ ನದಿಯ ದಂಡೆಯಲ್ಲಿ ಕೂಡುತ್ತಿದ್ದೆ. ನೀರು ನಮ್ಮ ಕೃಷ್ಣೆಯಂತೆ ಮಣ್ಣಿನ ಬಣ್ಣದ್ದು, ಅವಸರವಿಲ್ಲದ್ದು. ಕೆಲಸ ಕೈಗೆ ಹತ್ತುತ್ತಿತ್ತು. ಅವ್ವನಿಗೆ ಕೊಟ್ಟ ಮಾತೂ ಉಳಿದಿತ್ತು, ಕಾಶವ್ವನ ಪ್ರಶ್ನೆಗೆ ದಾರಿಯೂ ಸಿಕ್ಕಿತ್ತು. ಅಂಥ ಸಮಾಧಾನ ನನಗೆ ಊರಿನಲ್ಲೂ ಅಪರೂಪ.

ಮಾರ್ಗಿತ್ ನೇನಿಯ ತಮ್ಮನ ತೋಟ

ಒಂದು ಭಾನುವಾರ ಮಾರ್ಗಿತ್ ನೇನಿ ನನ್ನನ್ನು ತನ್ನ ತಮ್ಮನ ತೋಟಕ್ಕೆ ಕರೆದುಕೊಂಡು ಹೋದಳು. ಅಂಗಳದ ಬಾವಿಗೆ ಉದ್ದನೆಯ ಮರದ ಏತ. ನಮ್ಮಲ್ಲಿ ಪಂಪುಸೆಟ್ಟು ಬಂದಮೇಲೆ ಮಾಯವಾದದ್ದು ಇಲ್ಲಿ ನಿಂತಿದೆಯಲ್ಲ ಎಂದು ನಾನೇ ಒಂದು ಕೊಡ ನೀರೆತ್ತಿದೆ. ತಮ್ಮ ಯಾನೋಷ್ ಚಪ್ಪಾಳೆ ತಟ್ಟಿದ. ಅವನ ಹೆಂಡತಿ ಪೇಟೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದು ಇಂಗ್ಲಿಷ್ ಕಲಿತಿದ್ದಳು, ಎಲ್ಲರ ಮಾತನ್ನೂ ನನಗೆ ದಾಟಿಸುತ್ತಿದ್ದಳು. ನನಗಾಗಿಯೇ ಹಂದಿಯ ಕೊಬ್ಬು ಸೋಕಿಸದೆ ಶಾವಿಗೆಯ ಮೇಲೆ ಗಟ್ಟಿ ಮೊಸರು ಹಾಕಿ ಬಡಿಸಿದರು.

ಮಾರ್ಗಿತ್ ನೇನಿ ನಮ್ಮ ಕೆಲಸದ ಬಗ್ಗೆ ಹೆಮ್ಮೆಯಿಂದ ಹೇಳತೊಡಗಿದಳು. ಸೀರಮ್ಮಿನ ಮಾತು ಬಂದಾಗ ಯಾನೋಷ್ ಎದೆ ತಟ್ಟಿಕೊಂಡ. ಅವನು ಕಸಾಯಿಖಾನೆಯ ನೌಕರ. ಆ ಬಾಟಲಿ ತುಂಬುವುದೇ ನಮ್ಮಲ್ಲಿ ಎಂದ. ಕಡಿಯಲು ಬಂದ ಹಸು ಗಬ್ಬವಾಗಿದ್ದರೆ ಪ್ರಯೋಗಾಲಯದವರಿಗೆ ಹೇಳಿಕಳಿಸುತ್ತಾರೆ. ಹೊಟ್ಟೆಯೊಳಗಿನ ಕರುವನ್ನು ಹೊರಗೆ ತೆಗೆದು, ಗುಂಡಿಗೆ ಇನ್ನೂ ಬಡಿಯುತ್ತಿರುವಾಗಲೇ ಸೂಜಿ ಚುಚ್ಚಿ ನೆತ್ತರು ಎಳೆದುಕೊಳ್ಳುತ್ತಾರೆ. ಹುಟ್ಟದ ಕರುವಿನದೇ ಶ್ರೇಷ್ಠವಂತೆ. ಇದನ್ನೆಲ್ಲ ಅವನು ನಮ್ಮ ಕಡೆ ರೈತ ಬೆಲ್ಲದ ಹದ ಹೇಳುವಷ್ಟು ಸಹಜವಾಗಿ ಹೇಳಿ, ಮೊಸರಿನ ಬೋಗುಣಿಯನ್ನು ನನ್ನ ಕಡೆ ಸರಿಸಿದ.

ನಾನು ತಟ್ಟೆಯನ್ನು ಕೆಳಗಿಟ್ಟು ಎದ್ದೆ. ಇಷ್ಟು ದಿನ ದಿನವೂ ಎರಡು ಹೊತ್ತು ಆ ಬಾಟಲಿ ಹಿಡಿದಿದ್ದೆ. ಒಂದು ಇಲಿಗೆ ಒಲ್ಲೆನೆಂದು ಅಷ್ಟು ದೊಡ್ಡ ಮಾತಾಡಿದವಳು, ಹಸುವಿನ ಹೊಟ್ಟೆಯ ಕರುವಿನ ನೆತ್ತರನ್ನು, ಎಲ್ಲಿಂದ ಬಂತೆಂದು ಕೇಳದೆಯೇ, ತೆಗೆದುಕೊಂಡಿದ್ದೆ. ತೋಟದವರು ನನಗೆ ಬಿಸಿಲು ತಗುಲಿದೆಯೆಂದು ತಿಳಿದು ನೆರಳಿಗೆ ಮಂಚ ಹಾಕಿಕೊಟ್ಟರು.

ಸೆಗೆಡ್, ಕೊನೆಯ ವಾರಗಳು

ಸೋಮವಾರ ಇಲೋನಾಗೆ ಹೇಳಿದೆ. ಈ ಸಲ ಅವಳು ಸಿಟ್ಟು ಮಾಡಲಿಲ್ಲ, ದಣಿದವಳಂತೆ ಕಂಡಳು. ಸೀರಂ ಇಲ್ಲದೆ ಕಿಣ್ವವನ್ನು ನಿಲ್ಲಿಸುವುದು ಹೇಗೆ, ಜೀವಕೋಶಗಳಿಗೆ ಉಣಿಸುವುದು ಏನನ್ನು ಎಂದು ಕೇಳಿದಳು. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಮಾಸಿನ ಜೊತೆಗೆ ಬರುವ ಹೊಕ್ಕುಳಬಳ್ಳಿಯಲ್ಲೂ ನೆತ್ತರು ಉಳಿದಿರುತ್ತದೆ, ಅದರಿಂದಲೇ ಸೀರಂ ಮಾಡಿಕೊಳ್ಳಬಹುದು. ಬಹಳ ಸ್ವಲ್ಪ ಸಿಗುತ್ತದೆ, ಕೆಡುವುದೂ ಬೇಗ. ಪ್ರಯತ್ನ ಮಾಡಿ ನೋಡಿ ಎಂದಳು.

ಮಾಡಿದೆ. ಬಳ್ಳಿ ಬಳ್ಳಿಯಿಂದ ಹನಿ ಹನಿ ಕೂಡಿಸುತ್ತ ವಾರಗಟ್ಟಲೆ ಕಳೆದೆ. ಅಷ್ಟರಲ್ಲಿ ಬೇಸಿಗೆ ಮುಗಿದು ಹೊತ್ತು ಬೇಗ ಮುಳುಗತೊಡಗಿತು. ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿದ್ದರಿಂದ ಎಷ್ಟೋ ದಿನ ಉಪವಾಸವೇ ಗತಿ. ಮಾರ್ಗಿತ್ ನೇನಿ ಸಂಜೆಗೆ ಮುಂಚೆಯೇ ಬ್ರೆಡ್ಡು, ಸೇಬು ತಂದು ನನ್ನ ಮೇಜಿನ ಮೇಲಿಟ್ಟು ಕಿಟಕಿಯ ಬೆಳಕನ್ನು ತೋರಿಸುತ್ತಿದ್ದಳು. ಅಂತೂ ಒಂದು ಬಾಟಲಿ ತುಂಬಿತು. ಊರಿಗೆ ಹೊರಡುವ ಮುನ್ನ ನಿಪ್ಪಾಣಿಯ ಧೂಳನ್ನು ಪರೀಕ್ಷಿಸಲು ಒಂದೇ ಒಂದು ಪ್ರಯೋಗಕ್ಕೆ ವೇಳೆ ಉಳಿದಿತ್ತು.

ಅಂದು ಒಳ್ಳೆಯ ಮಾಸು ಬಂತು. ತೊಳೆದು ಕೊಚ್ಚಿದೆ, ಕಿಣ್ವ ಹಾಕಿ ಬಿಸಿನೀರಿನ ತೊಟ್ಟಿಯಲ್ಲಿಟ್ಟೆ. ತುಣುಕುಗಳು ಸಡಿಲಾಗುತ್ತ ಬಂದವು, ದ್ರವ ಮಸುಕಾಯಿತು. ನಿಲ್ಲಿಸುವ ಗಳಿಗೆ ಹತ್ತಿರವಾದಾಗ ನನ್ನ ಬಾಟಲಿಯನ್ನು ತಣ್ಣನೆಯ ಪೆಟ್ಟಿಗೆಯಿಂದ ತೆಗೆದು ಬೆಳಕಿಗೆ ಹಿಡಿದೆ. ಒಳಗೆ ಮಜ್ಜಿಗೆಯಂತೆ ಬೆಳ್ಳಗೆ ಮೋಡ ಕಟ್ಟಿತ್ತು. ಬೂಷ್ಟು ಹಿಡಿದು ಎಲ್ಲ ಕೆಟ್ಟುಹೋಗಿತ್ತು.

ಕಿಣ್ವ ಕಾಯುವುದಿಲ್ಲ. ತೊಟ್ಟು ಮುಗಿದರೆ ಅದು ಹಣ್ಣಿಗೇ ಬರುತ್ತದೆ. ಇನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಪಾತ್ರೆಯೊಳಗಿನ ಜೀವಕೋಶಗಳೆಲ್ಲ ಸಾಯುತ್ತವೆ, ನಾನು ಬಂದ ಕೆಲಸವೂ ಅದರ ಜೊತೆಗೇ. ಪೆಟ್ಟಿಗೆಯಲ್ಲಿ ಕರುವಿನ ಸೀರಂ ಇತ್ತು. ಮಾರ್ಗಿತ್ ನೇನಿಗೆ ನನ್ನ ಮುಖ ನೋಡಿಯೇ ಎಲ್ಲ ತಿಳಿಯಿತು. ಅವಳು ಆ ಬಾಟಲಿ ತೆಗೆದುಕೊಂಡು, ನೀನು ಹೊರಗೆ ಹೋಗು, ನಾನು ಸುರಿಯುತ್ತೇನೆ ಎಂದು ಬಾಗಿಲು ತೋರಿಸಿದಳು. ಪ್ರೀತಿಯಿಂದಲೇ ತೋರಿಸಿದಳು. ಹೊರಗೆ ಉದ್ದನೆಯ ಪಡಸಾಲೆ ಖಾಲಿ ಇತ್ತು.

ನಾನು ಹೋಗಲಿಲ್ಲ. ಅವಳ ಕೈಯಿಂದ ಬಾಟಲಿ ತೆಗೆದುಕೊಂಡು ನಾನೇ ಸುರಿದೆ.

ಜೀವಕೋಶಗಳು ಉಳಿದವು. ಅರ್ಧಕ್ಕೆ ತಂಬಾಕು ನೆನೆಸಿ ಸೋಸಿದ ನೀರು ಹಾಕಿದೆ, ಅರ್ಧಕ್ಕೆ ಹಾಕಲಿಲ್ಲ. ಕೆಲವು ದಿನ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ತಂಬಾಕು ಹಾಕದ ತಟ್ಟೆಯಲ್ಲಿ ಒಂದೊಂದಾಗಿ ಬಿಡಿಸಿಟ್ಟಿದ್ದ ಕೋಶಗಳು ತಮ್ಮಷ್ಟಕ್ಕೆ ಹತ್ತಿರ ಸರಿದು, ಗೋಡೆ ಕಳಚಿ, ಒಂದಾಗಿ ಬೆರೆತಿದ್ದವು. ಬಸುರಿನಲ್ಲಿ ಕೂಸಿಗೆ ಅನ್ನ ದಾಟಿಸುವ ಪದರ ಆಗುವುದು ಹೀಗೆಯೇ. ತಂಬಾಕಿನ ನೀರು ಕುಡಿದ ತಟ್ಟೆಯಲ್ಲಿ ಬಹಳಷ್ಟು ಕೋಶಗಳು ಬೇರೆಬೇರೆಯಾಗಿಯೇ ಉಳಿದಿದ್ದವು. ಇಲೋನಾ ಬಗ್ಗಿ ಬಹಳ ಹೊತ್ತು ನೋಡಿದಳು. ಒಂದು ಸಲ ಕಂಡದ್ದನ್ನು ಉತ್ತರ ಎನ್ನಲು ಬರುವುದಿಲ್ಲ, ಊರಿಗೆ ಹೋಗಿ ಮತ್ತೆ ಮತ್ತೆ ಮಾಡಬೇಕು ಎಂದಳು. ನನಗೆ ಬಹಳ ಸಂತೋಷವಾಯಿತು, ಬಹಳ ಸಂಕಟವೂ ಆಯಿತು. ಮತ್ತೆ ಮತ್ತೆ ಎಂದರೆ ಬಾಟಲಿಯೂ ಮತ್ತೆ ಮತ್ತೆ.

ಅಂಕಲಿ

ಊರಿಗೆ ಬಂದು ಅವ್ವನನ್ನು ನೋಡಲು ಅಂಕಲಿಗೆ ಹೋದೆ. ನೆರೆಹೊರೆಯವರು ಬಂದು ಹಂಗೇರಿಯಲ್ಲಿ ಏನು ಉಂಡೆ, ಮಂಜು ಬೀಳುತ್ತದೆಯೇ ಎಂದೆಲ್ಲ ಕೇಳಿ ಹೋದರು. ಮಧ್ಯಾಹ್ನ ಅವ್ವ ಅಕ್ಕಿಯ ಮೊರ ಹಿಡಿದು ಕಟ್ಟೆಯ ಮೇಲೆ ಕೂತಾಗ ನಾವಿಬ್ಬರೇ ಉಳಿದೆವು.

"ನಿನ್ನ ಕೈಲೆ ಏನೂ ಹೋಗಲಿಲ್ಲಲಾ?" ಎಂದಳು.

ಇಲ್ಲ ಎನ್ನಬಹುದಿತ್ತು. ಕರುವನ್ನು ಕೊಂದದ್ದು ಯಾರೋ, ಎಲ್ಲೋ. ಆದರೆ ಅವ್ವನ ಎದುರಿಗೆ ಆ ಮಾತು ಬರಲಿಲ್ಲ. ಇಲಿ, ಮಾಸು, ಕರು, ಬಾಟಲಿ, ಎಲ್ಲವನ್ನೂ ಹೇಳಿದೆ. ನಾನೇ ಸುರಿದೆ ಎಂಬುದನ್ನೂ ಹೇಳಿದೆ. ಅವ್ವ ಅಕ್ಕಿಯಲ್ಲಿ ಬೆರಳಾಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ಮುಂದನೂ ಅದು ಬೇಕಾಗತೈತೇನ?"

"ಬೇಕಾಗತೈತವ್ವಾ."

"ನಿಪ್ಪಾಣಿ ಆ ಹೆಣ್ಣಮಗಳು ಹ್ಯಾಂಗದಾಳ?"

ಕಾಶವ್ವನ ಕೂಸು ಬದುಕಿತ್ತು. ಆದರೆ ಅವಳು ಮತ್ತೆ ಬಸುರಿ, ಮತ್ತೆ ವಖಾರಿಗೇ ಹೋಗುತ್ತಿದ್ದಾಳೆಂದು ಬರುವ ದಾರಿಯಲ್ಲಿ ಕೇಳಿದ್ದೆ. ಅದನ್ನೂ ಹೇಳಿದೆ. ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಸಿಟ್ಟಾಗಿದ್ದಾಳೆ ಎಂದುಕೊಂಡೆ.

ಮರುದಿನ ಮುಂಜಾನೆ ಅವಳು ಬಸದಿಗೆ ಹೋಗಿ ಬಂದಳು. ತಮ್ಮನ ಹೆಂಡತಿ ಚಹಾ ತಂದಿಟ್ಟಳು. ಅವ್ವನ ಚಹಾ ಎಂದರೆ ಅರ್ಧಕ್ಕಿಂತ ಹೆಚ್ಚು ಹಾಲು. ಅದಕ್ಕಾಗಿಯೇ ತಮ್ಮ ಒಂದು ಹಸು ಕಟ್ಟಿದ್ದಾನೆಂದು ಮನೆಯಲ್ಲಿ ಚೇಷ್ಟೆ ಮಾಡುತ್ತಾರೆ. ಅಂದು ಅವಳು ಕಪ್ಪನ್ನು ಹಿಂದಕ್ಕೆ ಕೊಟ್ಟು ಕರೀ ಚಹಾ ತರಿಸಿಕೊಂಡಳು. ದೇವರ ಮುಂದೆ ನೇಮ ಹಿಡಿದು ಬಂದೀನಿ, ಇನ್ನು ಇರೋತನಕ ಹಾಲು, ಮೊಸರು, ತುಪ್ಪ ಮುಟ್ಟೂದಿಲ್ಲ ಎಂದಳು. ಎಪ್ಪತ್ತು ದಾಟಿದವಳು, ಹಲ್ಲಿಲ್ಲದವಳು, ಹಾಲನ್ನದ ಮೇಲೆಯೇ ಜೀವ ಹಿಡಿದವಳು. ನಾನೂ ನನ್ನ ಕಪ್ಪನ್ನು ಸರಿಸಿ, ನನಗೂ ಕರೀದೇ ಕೊಡು ಎಂದೆ.

ಅವ್ವ ಹಾಲಿನ ತಂಬಿಗೆ ಎತ್ತಿ, ನನ್ನ ಕಪ್ಪಿಗೆ ಮತ್ತಷ್ಟು ಸುರಿದಳು.

"ನೀ ಕುಡಿ. ಕರುವಿನ ಋಣ ನಾ ತೀರಸ್ತೇನಿ. ನೀ ಆಕೀಗೆ ಉತ್ತರ ಹುಡುಕು."